ಗಟ್ಟಿನ ಗುಟ್ಟು

ನಮ್ಮ ಮನೆಗೆ ‘ಗಟ್’ ಎಂಬ ಮಾತು ಬಂದು ಎಂಟು ವರ್ಷವಾಯಿತು. ಮಗಳು ಒಂಬತ್ತನೆಯ ವಯಸ್ಸಿಗೆ ಟೆನಿಸ್ ರಾಕೆಟ್ ಹಿಡಿದಳು. ಅಂದಿನಿಂದ ಹಾಲು, ಪೇಪರು, ಗ್ಯಾಸು ಎಂದು ನಾನು ಬರೆಯುವ ತಿಂಗಳ ಖರ್ಚಿನ ಪಟ್ಟಿಯಲ್ಲಿ ‘ಗಟ್’ ಎಂಬುದೂ ಒಂದು ಬಾಬು ಆಗಿಹೋಯಿತು. ರಾಕೆಟ್ಟಿನ ಜಾಲಕ್ಕೆ ನಮ್ಮೂರ ಮಕ್ಕಳೆಲ್ಲ ಹೇಳುವುದು ಹಾಗೆಯೇ. ಗಟ್ ಹರಿಯಿತು, ಗಟ್ ಸಡಿಲಾಯಿತು, ಗಟ್ಟಿಂಗ್ ಮಾಡಿಸಬೇಕು. ಹಾಕಿದ್ದು ನೈಲಾನ್ ದಾರವಾದರೂ ಅದರ ಹೆಸರು ಗಟ್ಟೇ. ದಿನಾ ಬಾಯಲ್ಲಿ ಆಡುವ ಮಾತಿನ ಅರ್ಥವನ್ನು ಯಾರು ಕೇಳುತ್ತಾರೆ? ನಾನೂ ಕೇಳಲಿಲ್ಲ. ಕೇಳಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ನನ್ನ ತವರು ಇಳಕಲ್ಲು. ಅಪ್ಪನ ಮನೆಯಲ್ಲಿ ಎರಡು ಮಗ್ಗಗಳಿದ್ದವು. ಹೀಗಾಗಿ ರಾಕೆಟ್ ಮೊದಲ ಸಲ ಕೈಗೆ ಬಂದಾಗ ನನಗೆ ಕಂಡದ್ದು ಆಟದ ಸಾಮಾನಲ್ಲ, ಬಿಗಿದು ಕಟ್ಟಿದ ಒಂದು ತುಂಡು ನೆಯ್ಗೆ. ಉದ್ದಕ್ಕೆ ಹದಿನಾರು ಎಳೆ, ಅಡ್ಡಕ್ಕೆ ಹತ್ತೊಂಬತ್ತು. ಅಡ್ಡ ಎಳೆ ಒಂದರ ಮೇಲೆ ಹೋಗಿ ಇನ್ನೊಂದರ ಕೆಳಗೆ ನುಸುಳಿ ಬರುತ್ತದೆ. ಇದು ನಮ್ಮ ಹಾಸು ಹೊಕ್ಕು ಅಲ್ಲದೆ ಮತ್ತೇನು? ಇಳಕಲ್ ಸೀರೆಯನ್ನು ಉಟ್ಟವರಿಗೆಲ್ಲ ಗೊತ್ತಿದೆ, ಅದರ ಮೈ ಹತ್ತಿಯದಾದರೂ ಸೆರಗು ರೇಷ್ಮೆಯದು. ಹತ್ತಿಯ ಎಳೆಗೂ ರೇಷ್ಮೆಯ ಎಳೆಗೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಮೈಗೆ ಹಿತವೂ ಬೇಕು, ನೋಟಕ್ಕೆ ಮೆರುಗೂ ಬೇಕು ಎಂದಾಗ ಎರಡು ಜಾತಿಯ ನೂಲನ್ನು ಒಂದೇ ಸೀರೆಯಲ್ಲಿ ಒಗ್ಗಿಸುವ ಉಪಾಯ ಅದು. ಟೆನಿಸ್ ಆಡುವವರೂ ಇದೇ ಉಪಾಯ ಮಾಡುತ್ತಾರೆಂದು ನನಗೆ ತಿಳಿದದ್ದು ಕಳೆದ ವರ್ಷ, ಮಗಳ ಮೊಳಕೈ ನೋಯತೊಡಗಿದಾಗ.

ಅವಳ ರಾಕೆಟ್ಟಿನಲ್ಲಿ ಇದ್ದದ್ದು ಪೂರ್ತಿ ಪಾಲಿಯೆಸ್ಟರ್ ದಾರ. ಬ್ರೆಜಿಲ್ಲಿನ ಗುಸ್ತಾವೊ ಕುಯೆರ್ಟನ್ 1997ರಲ್ಲಿ ಇಂಥ ದಾರ ಕಟ್ಟಿದ ರಾಕೆಟ್ಟಿನಿಂದ ಫ್ರೆಂಚ್ ಓಪನ್ ಗೆದ್ದ ಮೇಲೆ ಜಗತ್ತೆಲ್ಲ ಅದರ ಹಿಂದೆ ಬಿತ್ತು. ಅದು ಬಿರುಸಾದ, ನುಣುಪಾದ ದಾರ. ಚೆಂಡು ತಾಗಿದಾಗ ಉದ್ದದ ಎಳೆಗಳು ಪಕ್ಕಕ್ಕೆ ಸರಿದು ಥಟ್ಟನೆ ತಮ್ಮ ಜಾಗಕ್ಕೆ ಮರಳುತ್ತವೆ. ಆ ಮರಳುವಿಕೆಯೇ ಚೆಂಡನ್ನು ಬುಗುರಿಯಂತೆ ತಿರುಗಿಸುತ್ತದೆ. ಹಾಗೆ ತಿರುಗುವ ಚೆಂಡನ್ನು ಎಷ್ಟು ಬಲವಾಗಿ ಹೊಡೆದರೂ ಅದು ಗೆರೆಯೊಳಗೇ ಇಳಿಯುತ್ತದೆ. ಆದರೆ ದಾರದ ಬಿರುಸನ್ನೆಲ್ಲ ತೋಳು ಉಣ್ಣಬೇಕು. ಬೆಳೆಯುವ ಮಕ್ಕಳ ತೋಳಿಗೆ ಅದು ಸಲ್ಲದು ಎಂದು ಕಲಿಸುವ ಸರ್ ಹೇಳಿದರು. “ಎರಡು ನಮೂನಿ ದಾರ ಕೂಡಿಸಿ ಹಾಕಿಸ್ರಿ. ಉದ್ದಕ್ಕ ಮೆತ್ತಂದು, ಅಡ್ಡಕ್ಕ ಪಾಲಿಯೆಸ್ಟರ್. ಹೈಬ್ರಿಡ್ ಅಂತಾರ” ಎಂದರು. ರೋಜರ್ ಫೆಡರರ್ ಆಡಿದ್ದು ಹಾಗೆಯೇ, ಸೆರೆನಾ ವಿಲಿಯಮ್ಸ್ ಆಡಿದ್ದೂ ಹಾಗೆಯೇ ಅಂತೆ: ಉದ್ದಕ್ಕೆ ನ್ಯಾಚುರಲ್ ಗಟ್, ಅಡ್ಡಕ್ಕೆ ಪಾಲಿಯೆಸ್ಟರ್. ಉದ್ದದ ಎಳೆ ರಾಕೆಟ್ಟಿನ ಸ್ವಭಾವವನ್ನು ತೀರ್ಮಾನಿಸುತ್ತದೆ, ಅಡ್ಡದ ಎಳೆ ಅದನ್ನು ಹದ್ದಿನಲ್ಲಿಡುತ್ತದೆ. ನಮ್ಮ ಮನೆಗಳಲ್ಲಿ ಯಾರು ಉದ್ದ, ಯಾರು ಅಡ್ಡ ಎಂದು ನೀವೇ ಯೋಚಿಸಿಕೊಳ್ಳಿ.

ಮಗಳು ಒಂದು ನೋಟ್‌ಬುಕ್ ಇಟ್ಟಳು. ಅದರಲ್ಲಿ ಮೂರು ಕಾಲಂ: ಫೀಲ್, ಪವರ್, ಸ್ಪಿನ್. ನಾನು ಅದನ್ನು ಕೈಗೆ ಹಿತ, ಕಸುವು, ತಿರುವು ಎಂದು ನನ್ನ ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡೆ. ಅವಳ ಹತ್ತಿರ ಒಂದೇ ನಮೂನೆಯ ಎರಡು ರಾಕೆಟ್ ಇದ್ದವು. ಸರ್ ಒಂದು ಕಟ್ಟಳೆ ಹಾಕಿದರು: “ಒಂದ ಸಲಕ್ಕ ಒಂದನ್ನ ಬದಲ ಮಾಡ್ರಿ. ದಾರಾನೂ ಬದಲಿ, ಬಿಗಿನೂ ಬದಲಿ ಮಾಡಿದ್ರ, ಯಾವುದರಿಂದ ಏನಾತು ಅಂತ ಯಾರಿಗೂ ತಿಳಿಯೂದಿಲ್ಲ.” ಅಡುಗೆ ಮಾಡುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಾರಿಗೆ ಹುಳಿಯೂ ಖಾರವೂ ಒಟ್ಟಿಗೇ ಬಿದ್ದರೆ ಕೆಟ್ಟದ್ದು ಯಾವುದರಿಂದ ಎಂದು ಹೇಳುವವರಾರು? ಬಿಗಿ ಯಾವಾಗಲೂ 52 ಪೌಂಡ್. ಹೊಸ ಚೆಂಡು, ಬೆಳಗಿನ ಹೊತ್ತು, ಗಾಳಿ ಇಲ್ಲದ ದಿನ. ಅಂಗಳದ ಮೂಲೆಯಲ್ಲಿ ನೀರಿನ ಬಾಟಲಿ ಇಟ್ಟು ಅದಕ್ಕೆ ಸರ್ವಿಸ್ ಹೊಡೆಯುವುದು, ಇಪ್ಪತ್ತರಲ್ಲಿ ಎಷ್ಟು ತಾಗಿದವು ಎಂದು ಬರೆಯುವುದು. ಚೆಂಡು ಗೆರೆಗೆ ಎಷ್ಟು ಹತ್ತಿರ ಬಿತ್ತು, ಬಿದ್ದ ಮೇಲೆ ಎದುರಿನವಳ ಸೊಂಟದವರೆಗೆ ಪುಟಿಯಿತೋ ಭುಜದವರೆಗೋ ಎಂದು ನೋಡುವುದು. ಕಸುವು, ತಿರುವು ಎರಡಕ್ಕೂ ಹೀಗೆ ಒಂದು ಅಳತೆ ಸಿಕ್ಕಿತು. ಹಿತಕ್ಕೆ ಮಾತ್ರ ಅವಳ ಕೈಯೇ ಸಾಕ್ಷಿ, ಹತ್ತಕ್ಕೆ ಎಷ್ಟು ಎಂದು ಅವಳೇ ಅಂಕ ಹಾಕಬೇಕು.

ಪೂರ್ತಿ ಪಾಲಿಯೆಸ್ಟರಿಗೆ ತಿರುವಿನಲ್ಲಿ ಒಂಬತ್ತು, ಹಿತದಲ್ಲಿ ನಾಲ್ಕು. ಉದ್ದಕ್ಕೆ ಬಿಳಿ ನೈಲಾನ್ ಹಾಕಿದ ಜೋಡಿಗೆ ಹಿತದಲ್ಲಿ ಆರು. ಈ ನೈಲಾನ್ ಎಂದರೆ ನೂರಾರು ನವುರಾದ ನಾರುಗಳನ್ನು ಹೊಸೆದು ಮಾಡಿದ, ಗಟ್ಟಿನ ಮೆದುತನವನ್ನು ಅನುಕರಿಸುವ ದಾರ. ಉಳಿದದ್ದು ನಿಜವಾದ ಗಟ್ಟಿನ ಪರೀಕ್ಷೆ. ಒಂದು ಸೆಟ್ಟಿಗೆ ನಾಲ್ಕು ಸಾವಿರದಷ್ಟು. ಕೈ ನೋವಿನ ಮಾತು ಬಂದಮೇಲೆ ದುಡ್ಡು ನೋಡಲಾಗುತ್ತದೆಯೇ? ಮಗಳಿಗೆ ಕಾಲೇಜಿತ್ತು. ಎರಡನೆಯ ರಾಕೆಟ್ ಹಿಡಿದು ನಾನೇ ಅಂಗಡಿಗೆ ಹೋದೆ.

ದಾರ ಕಟ್ಟುವ ಹುಡುಗ ಕಪಾಟಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು, ಒಡವೆ ತೋರಿಸುವವನಂತೆ ಮುಂದೆ ಇಟ್ಟ. ಜೇನಿನ ಬಣ್ಣದ, ಬೆಳಕು ಹಾಯುವಂಥ ದಾರ. “ಒದ್ದಿ ಮಾಡಬ್ಯಾಡ್ರಿ ಮೇಡಂ, ಮಳಿಗೆ ಹೋದ್ರ ಹಾಳಾಗ್ತೈತಿ” ಎಂದ. ಯಾಕೆ ಎಂದು ಕೇಳಿದೆ. “ಖರೇ ಗಟ್ ಅಲ್ರಿ ಇದು. ದನದ ಕರಳು” ಎಂದ.

ಎಂಟು ವರ್ಷ ಬಾಯಲ್ಲಿ ಆಡಿದ ಮಾತು ಅಂದು ಕಿವಿಗೆ ಬಿತ್ತು. ಗಟ್ ಎಂದರೆ ಇಂಗ್ಲಿಷಿನಲ್ಲಿ ಕರುಳು ಎಂದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಗೊತ್ತಿದ್ದೂ ಕೇಳಿಸಿರಲಿಲ್ಲ, ಅಷ್ಟೆ. ಆಮೇಲೆ ಓದಿ ತಿಳಿದೆ. ಫ್ರಾನ್ಸಿನ ಲಿಯೊನ್ ಊರಿನಲ್ಲಿ ವಾದ್ಯಗಳಿಗೆ ತಂತಿಯಾಗಿ ಕರುಳನ್ನು ಹೊಸೆಯುತ್ತಿದ್ದ ಬಾಬೊಲಾ ಎಂಬ ಮನೆತನದವರು 1875ರಲ್ಲಿ ಟೆನಿಸ್ಸಿಗೂ ಅದನ್ನು ಮಾಡಿಕೊಟ್ಟರು. ಮೊದಲಿಗೆ ಕುರಿಯದು, ಈಗ ದನದ್ದು. ಕರುಳಿನ ಹೊರಪೊರೆಯನ್ನು ತೊಳೆದು, ಎಳೆ ಎಳೆಯಾಗಿ ಸೀಳಿ, ಹುರಿ ಮಾಡಿ, ಒಣಗಿಸಿ, ನುಣುಪು ಮಾಡಿದರೆ ಆ ಜೇನಿನ ಬಣ್ಣದ ದಾರ. ಒಂದೂವರೆ ಶತಮಾನವಾದರೂ ಅದರಷ್ಟು ಪುಟಿಯುವ, ಬಿಗಿ ಉಳಿಸಿಕೊಳ್ಳುವ, ಕೈಗೆ ಹಿತವಾದ ದಾರವನ್ನು ಕಾರ್ಖಾನೆಗಳು ಮಾಡಿಲ್ಲವೆಂದು ಆಡುವವರು ಹೇಳುತ್ತಾರೆ.

ನಮ್ಮ ಮನೆಯಲ್ಲಿ ಮಾಂಸ ಮುಟ್ಟುವವರಿಲ್ಲ. ಅತ್ತೆಯವರು ನಮ್ಮ ಜೊತೆಗಿದ್ದಾರೆ. ಮಗಳು ಆಟಕ್ಕೆ ಹೊರಡುವ ಮುಂಚೆ ರಾಕೆಟ್ಟನ್ನು ದೇವರ ಮನೆಯ ಹೊಸ್ತಿಲಿಗೆ ತಾಗಿಸಿ, ಅಜ್ಜಿಯ ಕೈಯಿಂದ ಅದಕ್ಕೊಂದು ವಿಭೂತಿಯ ಬೊಟ್ಟು ಇಡಿಸಿಕೊಂಡು ಹೋಗುವ ವಾಡಿಕೆ. ಆ ಬೊಟ್ಟು ಕಣ್ಮುಂದೆ ಬಂತು. ಆ ಹುಡುಗನ ಎದುರಿಗೆ ನಿಂತೇ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಮಗಳು ಬಿಳಿ ನೈಲಾನ್ ಹಾಕಿಸಿದ್ದಳಲ್ಲ, ಅದೇ ಕಂಪನಿಯ ಅದೇ ದಾರ ಜೇನಿನ ಬಣ್ಣದಲ್ಲೂ ಕಪಾಟಿನಲ್ಲಿತ್ತು. “ಇದನ್ನ ಹಾಕ್ರಿ. ಆಕೆಗೆ ಹೇಳುವುದು ಬೇಡ” ಎಂದೆ. ಹುಡುಗ ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ. ದುಡ್ಡೂ ಉಳಿಯಿತು, ಮಡಿಯೂ ಉಳಿಯಿತು ಎಂದು ನಾನು ಗೆದ್ದವಳಂತೆ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಅಂಗಳದಿಂದ ಮಗಳು ಕುಣಿಯುತ್ತಲೇ ಬಂದಳು. “ಅಮ್ಮಾ, ಗಟ್ ಅಂದ್ರ ಗಟ್ಟೇ! ಇದು ಬ್ಯಾರೇನ ಐತಿ. ಬಾಲ್ ಒಂದು ಗಳಿಗಿ ಕೈಯಾಗ ಕುಂತು ಹೋದಂಗ ಆಗ್ತೈತಿ!” ನೋಟ್‌ಬುಕ್ಕಿನಲ್ಲಿ ಹಿತಕ್ಕೆ ಒಂಬತ್ತು. ಬಿಳಿಯದಕ್ಕೆ ಆರು ಕೊಟ್ಟ ಕೈಯೇ, ಬಣ್ಣ ಮಾತ್ರ ಬೇರೆಯಾದ ಅದೇ ದಾರಕ್ಕೆ ಒಂಬತ್ತು ಕೊಟ್ಟಿತ್ತು. ನಾನು ಒಳಗೇ ನಕ್ಕೆ.

ಅವಳ ಬುದ್ಧಿ ಸಣ್ಣದೆಂದು ನಗಬೇಕಾಗಿಲ್ಲ, ದೊಡ್ಡವರದೂ ಇದೇ ಕಥೆ. ಆಸ್ಟ್ರೇಲಿಯಾದಲ್ಲಿ ರಾಡ್ ಕ್ರಾಸ್ ಎಂಬ ಭೌತವಿಜ್ಞಾನಿ ಮತ್ತು ಅವರ ಜೊತೆಗಾರರು ಈ ಶತಮಾನದ ಮೊದಲ ವರ್ಷಗಳಲ್ಲಿ ನುರಿತ ಆಟಗಾರರ ಕೈಗೆ ಬೇರೆ ಬೇರೆ ಬಿಗಿಯ ರಾಕೆಟ್ ಕೊಟ್ಟು ಪರೀಕ್ಷೆ ಮಾಡಿದರು. ಒಂದು ಪೌಂಡ್ ಹೆಚ್ಚುಕಡಿಮೆಯಾದರೂ ತಮಗೆ ತಿಳಿಯುತ್ತದೆ ಎನ್ನುವವರೇ ಎಲ್ಲರೂ. ಆದರೆ ಹತ್ತು ಪೌಂಡಿನ ಆಸುಪಾಸಿನ ವ್ಯತ್ಯಾಸವನ್ನೂ ಬಹುಪಾಲು ಮಂದಿ ಗುರುತಿಸಲಾರದೆ ಹೋದರು. ಯೋಚಿಸಿದರೆ ಆಶ್ಚರ್ಯವೂ ಅಲ್ಲ. ಚೆಂಡು ದಾರದ ಮೇಲೆ ಇರುವುದು ಒಂದು ಸೆಕೆಂಡಿನ ಇನ್ನೂರನೆಯ ಒಂದು ಭಾಗ. ಕೈಯ ಸುದ್ದಿ ತಲೆಗೆ ಮುಟ್ಟುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಕೈಯಲ್ಲಿ ಕುಂತು ಹೋಯಿತು ಎಂಬ ಹಿತ ಚೆಂಡು ಹೋದ ಮೇಲೆ ಮನಸ್ಸು ಕಟ್ಟಿಕೊಂಡ ಮಾತು. ಆ ಮಾತನ್ನು ಕಟ್ಟುವಾಗ ಮನಸ್ಸು ಬೆಲೆಯನ್ನೂ ಕೇಳುತ್ತದೆ, ಹೆಸರನ್ನೂ ಕೇಳುತ್ತದೆ. ಹೆಚ್ಚು ಬೆಲೆ ಹೇಳಿದ ಸೀರೆ ನಮ್ಮ ಕೈಗೂ ಹೆಚ್ಚು ನುಣುಪಾಗಿಯೇ ತಾಗುವುದಿಲ್ಲವೆ?

ಇದನ್ನೆಲ್ಲ ಓದಿ ನನಗೆ ನೆಮ್ಮದಿಯಾಗಬೇಕಿತ್ತು. ಮೆದು ನೈಲಾನಿನಿಂದ ಮಗಳ ಕೈ ನೋವು ನಿಜವಾಗಿಯೇ ಇಳಿಯಿತು. ಹಣ ಉಳಿಯಿತು. ಅತ್ತೆಯವರ ಬೊಟ್ಟಿಗೆ ಮೈಲಿಗೆಯಾಗಲಿಲ್ಲ. ಯಾರಿಗೂ ಏನೂ ಕೆಟ್ಟದ್ದಾಗಲಿಲ್ಲ. ವ್ಯತ್ಯಾಸ ತಿಳಿಯುವುದಿಲ್ಲವಾದರೆ ವ್ಯತ್ಯಾಸ ಇಲ್ಲವೆಂದೇ ಲೆಕ್ಕ ಅಲ್ಲವೆ? ಹಾಗಾದರೆ ಅವಳು ಪ್ರತಿ ಸಲ “ನನ್ನ ಗಟ್ ರಾಕೆಟ್ ಎಲ್ಲೈತಿ?” ಎಂದು ಕೇಳಿದಾಗ ನಾನು ಯಾಕೆ ಬೇರೆ ಕಡೆ ಮುಖ ತಿರುಗಿಸುತ್ತಿದ್ದೆ?

ಆಗ ನನಗೆ ಹಳೆಯ ಒಂದು ರೊಟ್ಟಿಯ ಸಂಗತಿ ನೆನಪಾಯಿತು. ಶ್ರಾವಣದ ಸೋಮವಾರಗಳಲ್ಲಿ ಅತ್ತೆಯವರು ಮನೆಯಲ್ಲಿ ಮಿಂದು ಮಾಡಿದ್ದನ್ನು ಬಿಟ್ಟು ಹೊರಗಿನದನ್ನು ಮುಟ್ಟುವುದಿಲ್ಲ. ಒಂದು ಸೋಮವಾರ ನನಗೆ ನೌಕರಿಯ ಅವಸರ, ಮೈಯಲ್ಲಿ ಜ್ವರ ಬೇರೆ. ಓಣಿಯ ತುದಿಯಲ್ಲಿ ರೊಟ್ಟಿ ಬಡಿದು ಮಾರುವ ಹೆಣ್ಣುಮಗಳಿಂದ ಆರು ರೊಟ್ಟಿ ತಂದು, ಬುಟ್ಟಿಯಲ್ಲಿ ಹಾಕಿ, ಅರಿವೆ ಮುಚ್ಚಿ ಇಟ್ಟೆ. ಅತ್ತೆಯವರು ಉಂಡು, “ಇವತ್ತ ರೊಟ್ಟಿ ಭಾಳ ಛಲೋ ಆಗ್ಯಾವ ನೋಡು” ಎಂದರು. ನಾನು ಎದುರಿಗೆ ಕುಳಿತು ಮುಗುಳ್ನಕ್ಕೆ. ಎರಡು ದಿನ ಬಿಟ್ಟು ರೊಟ್ಟಿ ಕಟ್ಟಿ ತಂದ ಚೀಲ ಅವರ ಕೈಗೆ ಸಿಕ್ಕಿತು. ಜಗಳವಾಡಲಿಲ್ಲ. ಸಂಜೆ ಬತ್ತಿ ಹೊಸೆಯುತ್ತ ಕುಳಿತಾಗ ಇಷ್ಟೇ ಅಂದರು: “ನಾ ತಿಂದದ್ದಕ್ಕ ಏನಿಲ್ಲವಾ. ಜರಾ ಬಂದಿತ್ತು ಅಂದಿದ್ರ ಹಣ್ಣು ತಿಂದು ಇರತಿದ್ದೆ. ನಾ ಹೊಗಳೂ ಮುಂದ ನೀ ಎದುರಿಗೆ ಕುಂತು ನೋಡ್ಕೋತ ಇದ್ದೆಲ್ಲ, ಅದು.”

ಅವರ ನಾಲಗೆಗೆ ತಿಳಿಯಲಿಲ್ಲ, ನಿಜ. ಆದರೆ ಅಂದು ಆ ಅಡುಗೆಮನೆಯಲ್ಲಿ ನಾವಿಬ್ಬರು ಇದ್ದೆವು, ಒಬ್ಬಳಿಗೆ ಗೊತ್ತಿತ್ತು, ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ವ್ಯತ್ಯಾಸ ರೊಟ್ಟಿಯಲ್ಲಿ ಇರಲಿಲ್ಲ, ನಮ್ಮಿಬ್ಬರ ನಡುವೆ ಇತ್ತು. ಈಗ ಮಗಳ ಎದುರಿಗೂ ನಾನು ಹಾಗೆಯೇ ಮುಗುಳ್ನಕ್ಕು ಕುಳಿತಿದ್ದೆ.

ಇನ್ನೊಂದು ಪ್ರಶ್ನೆಯೂ ಕಾಡತೊಡಗಿತು. ಮಡಿಯ ಹೆಸರಿನಲ್ಲಿ ನಾನು ಸುಳ್ಳು ಹೇಳಿದೆನಲ್ಲ, ನನ್ನ ಮಡಿ ಎಷ್ಟು ಗಟ್ಟಿ? ನನ್ನ ಮದುವೆಯ ಇಳಕಲ್ ಸೀರೆಯ ಸೆರಗಿನಲ್ಲಿ ಎಷ್ಟು ಗೂಡುಗಳ ರೇಷ್ಮೆ ಇದೆಯೋ, ಅಷ್ಟು ಹುಳುಗಳು ಗೂಡಿನೊಳಗೇ ಬೆಂದಿವೆ. ದೇವರ ಉತ್ಸವದಲ್ಲಿ ಕೈಮುಗಿದು ಕೇಳುವ ಮೃದಂಗಕ್ಕೆ ಹೊದಿಸಿರುವುದು ಆಡು, ಹಸು, ಎಮ್ಮೆಗಳ ತೊಗಲು. ಆಸ್ಪತ್ರೆಗಳಲ್ಲಿ ಕ್ಯಾಟ್‌ಗಟ್ ಎನ್ನುವ, ಮೈಯಲ್ಲೇ ಕರಗಿಹೋಗುವ ಹೊಲಿಗೆಯ ದಾರವಿದೆ. ಹೆಸರಿನಲ್ಲಿ ಬೆಕ್ಕಿದ್ದರೂ ಅದು ಕುರಿಯ ಅಥವಾ ದನದ ಕರುಳಿನದೇ. ನಮ್ಮ ಹೆರಿಗೆಗಳಲ್ಲಿ ಯಾವ ದಾರ ಹಾಕಿದರೆಂದು ನಾವು ಯಾರು ಕೇಳಿದ್ದೇವೆ? ಇವೆಲ್ಲ ನಡೆದುಬಂದದ್ದರಿಂದ ಗಟ್ಟೂ ನಡೆಯಲಿ ಎಂದು ನಾನು ವಾದಿಸುತ್ತಿಲ್ಲ. ಒಂದು ಕಡೆ ಕಣ್ಣು ಮುಚ್ಚಿದವರು ಎಲ್ಲ ಕಡೆಯೂ ಮುಚ್ಚಬೇಕೆಂದೇನೂ ಇಲ್ಲ. ಬಿಡಲು ಎಲ್ಲಿಂದಲಾದರೂ ಶುರು ಮಾಡಬೇಕು, ಅದು ದಾರದಿಂದಲೇ ಆಗಬಹುದು. ಆದರೆ ಹಾಗೆ ಶುರು ಮಾಡಬೇಕಾದದ್ದು ರಾಕೆಟ್ ಹಿಡಿಯುವವಳು. ನಾನೇ ಇನ್ನೂ ನನಗಾಗಿ ತೀರ್ಮಾನಿಸದ ಒಂದು ಪ್ರಶ್ನೆಯನ್ನು ಅವಳ ಪರವಾಗಿ, ಅವಳಿಗೆ ಪ್ರಶ್ನೆಯೇ ಕಾಣದಂತೆ, ಅಂಗಡಿಯ ಕಟ್ಟೆಯ ಮೇಲೆ ತೀರಿಸಿಬಿಟ್ಟಿದ್ದೆ. ತಾಯಂದಿರಿಗೆ ಇದೊಂದು ರೂಢಿ. ಒಳ್ಳೆಯದಕ್ಕೇ ಮಾಡುತ್ತೇವೆ. ಅದಕ್ಕೇ ಅದು ತಪ್ಪೆಂದು ತಿಳಿಯಲು ಇಷ್ಟು ಹೊತ್ತು ಹಿಡಿಯುತ್ತದೆ.

ಎರಡು ತಿಂಗಳಾದ ಮೇಲೆ ಮಗಳೇ ಒಂದು ಮಾತು ತಂದಳು. ಅವಳೂ ಆ ಆಸ್ಟ್ರೇಲಿಯಾದವರ ವಿಷಯ ಓದಿದ್ದಳು. “ಅಮ್ಮಾ, ನನಗ ಖರೇನ ತಿಳೀತೈತೋ, ಇಲ್ಲಾ ಗಟ್ ಅಂತ ಗೊತ್ತಿದ್ದಕ್ಕ ಹಂಗ ಅನಸ್ತೈತೋ ನೋಡಬೇಕು. ಎರಡೂ ರಾಕೆಟ್ ಹೊಸದಾಗಿ ಕಟ್ಟಸು. ಒಂದಕ್ಕ ನೈಲಾನ್, ಒಂದಕ್ಕ ಗಟ್. ಎರಡಕ್ಕೂ ಒಂದೇ ಕರೀ ಶಾಯಿ ಬಳಿಸು. ಯಾವುದು ಯಾವುದು ಅಂತ ಸರ್‌ಗೆ ಮಾತ್ರ ಗೊತ್ತಿರ್ಲಿ.” ತನ್ನ ಕೈಯನ್ನೇ ಅನುಮಾನಿಸುವ ಧೈರ್ಯ ಹದಿನೇಳರ ಹುಡುಗಿಗೆ ಇತ್ತು.

ರಾಕೆಟ್‌ಗಳನ್ನು ಹಿಡಿದು ಅಂಗಡಿಗೆ ಹೋದೆ. ದಾರಿಯಲ್ಲೇ ನನಗೊಂದು ಆಸೆ ಹುಟ್ಟಿತ್ತು: ಈ ಸಲ ನಿಜವಾದ ಗಟ್ಟನ್ನೇ ಹಾಕಿಸಿಬಿಟ್ಟರೆ ಹಳೆಯ ಸುಳ್ಳು ತನ್ನಷ್ಟಕ್ಕೆ ಅಳಿಸಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಹುಡುಗ ಪಾಪ ಸಹಜವಾಗಿಯೇ ಕೇಳಿದ: “ಈ ಸಲ ಏನ್ ಹಾಕ್ಲಿ ಮೇಡಂ? ಖರೇದೋ, ಹೋದ ಸಲದ್ದೋ?” ಎಲ್ಲರೂ ನನ್ನತ್ತ ನೋಡಿದಂತಾಯಿತು. ಆ ಹುಡುಗನಿಗೆ ನಾನು ಎರಡು ತಿಂಗಳ ಹಿಂದೆಯೇ ನನ್ನ ಸುಳ್ಳಿನಲ್ಲಿ ಪಾಲು ಕೊಟ್ಟಿದ್ದೆ, ಅವನನ್ನು ಕೇಳದೆಯೇ. ಆಮೇಲೆ ಬರುತ್ತೇನೆಂದು ಹೇಳಿ ರಾಕೆಟ್‌ಗಳೊಂದಿಗೆ ಮನೆಗೆ ಮರಳಿದೆ.

ಅಂದು ರಾತ್ರಿ ಊಟವಾದ ಮೇಲೆ ಮಗಳಿಗೆ ಎಲ್ಲ ಹೇಳಿದೆ. ಸಿಟ್ಟಾಗುತ್ತಾಳೆ, ಇಲ್ಲವೇ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನೋಟ್‌ಬುಕ್ ತೆಗೆದು, ಆ ಎರಡು ತಿಂಗಳ ಪುಟಗಳನ್ನು ಒಂದೊಂದಾಗಿ ತಿರುವಿದಳು. ಕೊನೆಗೆ, “ಇಷ್ಟೂ ಸುಳ್ಳಾತಲ್ಲಮ್ಮಾ. ನನಗ ಗೊತ್ತಿಲ್ಲದ ನಾನೂ ಸುಳ್ಳು ಹೇಳಿಬಿಟ್ಟೆ” ಎಂದಳು. ಆಗ ತಿಳಿಯಿತು. ಅವಳ ಜೊತೆ ಆಡುವ ಹನ್ನೆರಡರ ಒಬ್ಬ ಹುಡುಗಿಗೂ ಮೊಳಕೈ ನೋವಂತೆ. ಗಟ್ ಹಾಕಿಸಿದ ಮೇಲೆ ನನಗೆ ಕಡಿಮೆಯಾಯಿತು ಎಂದು ಇವಳು ಹೇಳಿದ್ದಾಳೆ. ಆ ಹುಡುಗಿಯ ತಾಯಿ ಹೊಲಿಗೆ ಹಾಕಿ ಮನೆ ನಡೆಸುವವರು. ನಾಲ್ಕು ಸಾವಿರ ಕೊಟ್ಟು ಗಟ್ ಹಾಕಿಸಿದ್ದಾರೆ.

ಯಾರಿಗೂ ಏನೂ ಕೆಟ್ಟದ್ದಾಗಲಿಲ್ಲ ಎಂದು ಎರಡು ತಿಂಗಳು ಲೆಕ್ಕ ಹಾಕಿಕೊಂಡಿದ್ದವಳು ನಾನು. ಸುಳ್ಳು ನಮ್ಮ ಮನೆಯ ಬಾಗಿಲು ದಾಟಿ ಹೋದದ್ದು ನನಗೆ ಕಂಡಿರಲಿಲ್ಲ. ಹೇಳಿದವಳು ನಾನು, ಬೆಲೆ ತೆತ್ತವರು ಹೊಲಿಗೆಯ ಯಂತ್ರದ ಮುಂದೆ ಕುಳಿತ ಇನ್ನೊಬ್ಬ ತಾಯಿ. ಮರುದಿನ ಅವರ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆ. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಚಹಾ ಮಾಡಿ ಕೊಟ್ಟರು. “ನಮ್ಮ ಹುಡುಗಿಗೆ ಅದರಿಂದನೂ ಛಲೋನೇ ಆಗೈತ್ರಿ” ಎಂದರು. ಆದರೆ ಅಂದಿನಿಂದ ಆಟದ ಅಂಗಳದಲ್ಲಿ ಸಿಕ್ಕಾಗ ಅವರ ಮಾತು ಸ್ವಲ್ಪ ಕಡಿಮೆ. ಅದು ನನಗೆ ಸಲ್ಲಬೇಕಾದದ್ದೇ.

ಅತ್ತೆಯವರಿಗೂ ಹೇಳಿದೆವು. ಗಟ್ ಏನೆಂದು, ನಾನು ಏನು ಮಾಡಿದೆನೆಂದು. ಬಹಳ ಹೊತ್ತು ಸುಮ್ಮನಿದ್ದರು. ರೊಟ್ಟಿಯ ಮಾತು ಎತ್ತಲಿಲ್ಲ. ಎತ್ತದಿರುವುದೇ ಸಾಕಾಗಿತ್ತು. ಆಮೇಲೆ ಮೊಮ್ಮಗಳ ಕಡೆ ತಿರುಗಿ ಹೇಳಿದರು: “ಕೈ ನಿಂದು, ನೋವು ನಿಂದು, ಪಾಪ ಪುಣ್ಯನೂ ನಿಂದ ತಂಗಿ. ನಾ ಹೂಂ ಅನ್ನೂದಿಲ್ಲ, ಬ್ಯಾಡ ಅಂತ ಕೈನೂ ಹಿಡಿಯೂದಿಲ್ಲ. ಆದ್ರ ಅದನ್ನ ಹಾಕಿದ ಬ್ಯಾಟು ದೇವರ ಹೊಸ್ತಿಲಕ್ಕ ತರಬ್ಯಾಡ. ಬೊಟ್ಟು ನಿನ್ನ ಹಣಿಗೆ ಹಚ್ಚತೀನಿ.” ತಮ್ಮ ಗೆರೆಯನ್ನು ಅವರು ಬಿಟ್ಟುಕೊಡಲಿಲ್ಲ. ಅದರೊಳಗೆ ಅವಳನ್ನು ಕಟ್ಟಿಹಾಕಲೂ ಇಲ್ಲ. ನಾನು ಇಬ್ಬರನ್ನೂ ಕಾಪಾಡುತ್ತಿದ್ದೇನೆಂದು ತಿಳಿದು ಇಬ್ಬರನ್ನೂ ನಂಬದೆ ಹೋಗಿದ್ದೆ.

ಆಮೇಲೆ ಪರೀಕ್ಷೆ ನಡೆಯಿತು, ಅವಳು ಕೇಳಿದ ಹಾಗೆಯೇ. ಎರಡು ರಾಕೆಟ್, ಒಂದೇ ಬಿಗಿ, ಅಡ್ಡಕ್ಕೆ ಒಂದೇ ಪಾಲಿಯೆಸ್ಟರ್, ಮೇಲೆ ಒಂದೇ ಕಪ್ಪು ಶಾಯಿ. ಗುರುತು ಹಿಡಿಯ ಸುತ್ತಿನ ಒಳಗೆ, ಸರ್‌ಗೆ ಮಾತ್ರ ಗೊತ್ತು. ಅವರು ಹತ್ತು ಸಲ ರಾಕೆಟ್ ಕೈಗಿತ್ತರು, ಅವಳು ಹತ್ತು ಸಲ ಹೆಸರು ಹೇಳಿದಳು. ಏಳು ಸರಿ, ಮೂರು ತಪ್ಪು. ನಾಣ್ಯ ಚಿಮ್ಮಿದರೂ ಅಪರೂಪಕ್ಕೆ ಅಷ್ಟು ಬಂದೀತು ಎಂದು ಅವಳೇ ಹೇಳಿಕೊಂಡು ನಕ್ಕಳು. ತಿರುವಿನಲ್ಲಿ ವ್ಯತ್ಯಾಸ ತಿಳಿಯಲಿಲ್ಲ. ಕಸುವಿನಲ್ಲಿ ಒಂದಿಷ್ಟು ಇತ್ತು. ಗಟ್ಟಿನ ರಾಕೆಟ್ಟಿನಿಂದ ಹೊಡೆದ ಚೆಂಡುಗಳು ಗೆರೆಗೆ ಒಂದು ಗೇಣು ಹತ್ತಿರ ಬಿದ್ದವು. ಹಿತಕ್ಕೆ ಈ ಸಲ ಅವಳು ಕೊಟ್ಟದ್ದು ಒಂದಕ್ಕೆ ಎಂಟು, ಇನ್ನೊಂದಕ್ಕೆ ಏಳು. ಆರು ಮತ್ತು ಒಂಬತ್ತರ ನಡುವೆ ಹರಡಿದ್ದ ದೂರ, ಹೆಸರು ತೆಗೆದ ಮೇಲೆ ಒಂದು ಅಂಕಕ್ಕೆ ಇಳಿದಿತ್ತು.

ಈ ಎರಡು ಪರೀಕ್ಷೆಗಳ ಬಗ್ಗೆ ನಾನು ಈಗಲೂ ಯೋಚಿಸುತ್ತೇನೆ. ಎರಡರಲ್ಲೂ ಅವಳಿಗೆ ಯಾವ ದಾರವೆಂದು ತಿಳಿದಿರಲಿಲ್ಲ. ಎರಡರಲ್ಲೂ ಬೇರೆ ಯಾರಿಗೋ ತಿಳಿದಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದರೆ ಒಂದರಲ್ಲಿ ಅವಳು ತಾನಾಗಿ ಕಣ್ಣು ಕಟ್ಟಿಸಿಕೊಂಡಳು, ಇನ್ನೊಂದರಲ್ಲಿ ನಾನು ಅವಳ ಕಣ್ಣಿಗೆ ಕಟ್ಟಿದೆ. ತಾನಾಗಿ ಕಟ್ಟಿಸಿಕೊಂಡವಳು ಬಟ್ಟೆ ಬಿಚ್ಚಿದಾಗ ಮೊದಲಿಗಿಂತ ಹೆಚ್ಚು ಕಾಣುತ್ತಾಳೆ. ಗೊತ್ತಿಲ್ಲದೆ ಕಟ್ಟಲ್ಪಟ್ಟವಳಿಗೆ ಬಿಚ್ಚಬೇಕೆಂಬುದೂ ತಿಳಿಯುವುದಿಲ್ಲ. ನಮ್ಮ ಭಾಷೆ ಮೋಸಕ್ಕೆ ಕಣ್ಣುಕಟ್ಟು ಎಂದು ಸುಮ್ಮನೆ ಹೆಸರಿಟ್ಟಿಲ್ಲ. ಕೈಗೆ ಹಿತ ಎಷ್ಟು ಎಂದು ಅಳೆಯಲು ಕಣ್ಣು ಮುಚ್ಚಲೇಬೇಕಾದೀತು. ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬುದು ಮಾತ್ರ ಆ ಕಣ್ಣಿನವರದೇ ಆಗಿರಬೇಕು.

ಮಕ್ಕಳಿಗೆ ಎಲ್ಲವನ್ನೂ ಎಲ್ಲ ವಯಸ್ಸಿನಲ್ಲೂ ಹೇಳಲಾಗುವುದಿಲ್ಲ, ಅದು ನನಗೂ ಗೊತ್ತು. ಕಹಿ ಔಷಧಿಯನ್ನು ಬೆಲ್ಲದಲ್ಲಿ ಇಟ್ಟು ಕೊಡದ ತಾಯಿ ಯಾರು? ಆದರೆ ಮಗು ಬೆಳೆದಂತೆ ಬೆಲ್ಲ ಕಡಿಮೆಯಾಗುತ್ತ ಬರಬೇಕು. ಎಂದು ನಿಲ್ಲಿಸಬೇಕೆಂಬುದು ಯಾವ ಪಂಚಾಂಗದಲ್ಲೂ ಇಲ್ಲ. ನಾನು ಎರಡು ವರ್ಷವಾದರೂ ತಡ ಮಾಡಿದ್ದೆನೇನೋ.

ಮಗಳು ಈಗ ಆಡುವುದು ಉದ್ದಕ್ಕೆ ನೈಲಾನ್, ಅಡ್ಡಕ್ಕೆ ಪಾಲಿಯೆಸ್ಟರ್ ಹಾಕಿದ ರಾಕೆಟ್ಟಿನಿಂದ. ಆ ಒಂದು ಅಂಕ, ಆ ಒಂದು ಗೇಣು ಅವಳು ಬಿಟ್ಟದ್ದು. ದುಡ್ಡಿಗಾಗಿಯೋ, ದನಕ್ಕಾಗಿಯೋ, ಅಜ್ಜಿಯ ಹೊಸ್ತಿಲಿಗಾಗಿಯೋ, ನಾ ಕಾಣೆ. ಕೇಳಬೇಕೆಂದು ಒಮ್ಮೆ ಬಾಯಿ ತೆರೆದೆ. ಅವಳು ರಾಕೆಟ್ಟಿನ ಅಡ್ಡ ಎಳೆಗಳನ್ನು ಬೆರಳಿನಿಂದ ಒಂದೊಂದಾಗಿ ನೆಟ್ಟಗೆ ಮಾಡುತ್ತ ಕುಳಿತಿದ್ದಳು, ನನ್ನ ಅಪ್ಪ ಮಗ್ಗದ ಮುಂದೆ ಕುಳಿತು ಹರಿದ ಎಳೆಯನ್ನು ಹುಡುಕುತ್ತಿದ್ದ ಹಾಗೆ. ನಾನು ಕೇಳದೆ ಒಳಗೆ ಹೋದೆ.